ನಿಮ್ಮ ಮನೆಯಲ್ಲಿ ಮೊದಲು ಓಟು ಹಾಕಿದ್ದು ಯಾರು?

ಘಾನಾದ ರಾಜಧಾನಿ ಅಕ್ರಾದ ಜೇಮ್ಸ್‌ಟೌನ್‌ನಲ್ಲಿ ಸಮುದ್ರದ ದಂಡೆಗೆ ಒಂದು ಹಳೆ ಕೋಟೆ ಇದೆ, ಜೇಮ್ಸ್ ಫೋರ್ಟ್. ಅದರ ಹತ್ತಿರ ಒಬ್ಬ ಅಜ್ಜಿ ಕೆಂಕಿ ಮಾರುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಉಂಡೆ ಅದು. ಜೊತೆಗೆ ಹುರಿದ ಮೀನು, ಖಾರದ ಚಟ್ನಿ. ಮುದ್ದೆ ತಿಂದು ಬೆಳೆದ ನನಗೆ ಮೊದಲ ದಿನವೇ ಹಿಡಿಸಿತು. ಎಲ್ಲರ ಹಾಗೆ ನಾನೂ ಅವರನ್ನು ಆಂಟಿ ಅಂತಲೇ ಕರೆಯುತ್ತೇನೆ.

ಒಂದು ಸಂಜೆ ಆಂಟಿ ಕೋಟೆಯ ಗೋಡೆ ತೋರಿಸಿ, "ನಮ್ಮ ಮೊದಲ ಎಲೆಕ್ಷನ್ ಗೆದ್ದವನು ಅದರೊಳಗೆ ಕೈದಿಯಾಗಿದ್ದ" ಅಂದರು. ಅವರು ಹೇಳಿದ್ದು 1951ರ ಫೆಬ್ರವರಿ 8ರ ಮಾತು. ಆಗ ಇದು ಘಾನಾ ಅಲ್ಲ, ಬ್ರಿಟಿಷರ ಗೋಲ್ಡ್ ಕೋಸ್ಟ್. ಮುಷ್ಕರ ನಡೆಸಿದ್ದಕ್ಕೆ ಕ್ವಾಮೆ ಎನ್‌ಕ್ರುಮಾ ಅವರನ್ನು ಒಳಗೆ ಹಾಕಿದ್ದರು. ಟಾಯ್ಲೆಟ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿ ಪಕ್ಷದವರಿಗೆ ಗುಟ್ಟಾಗಿ ಸುದ್ದಿ ಕಳಿಸುತ್ತಿದ್ದರಂತೆ. ಹೊರಗೆ ಪಕ್ಷವನ್ನು ಅವರ ಜೊತೆಗಾರ ಗ್ಬೆಡೆಮಾ ನಡೆಸುತ್ತಿದ್ದರು. ಪಕ್ಷದ ಗುರುತು ಕೆಂಪು ಹುಂಜ. ಬೇಡಿಕೆ ಒಂದೇ, "ಸ್ವರಾಜ್ಯ ಈಗಲೇ". ಪೆಟ್ಟಿಗೆ ಒಡೆದಾಗ ಅಕ್ರಾ ಸೆಂಟ್ರಲ್‌ನ 23,122 ಮತಗಳಲ್ಲಿ 22,780 ಎನ್‌ಕ್ರುಮಾಗೆ ಬಿದ್ದಿದ್ದವು. ಫೆಬ್ರವರಿ 12ಕ್ಕೆ ಗವರ್ನರ್ ಆರ್ಡನ್-ಕ್ಲಾರ್ಕ್ ಬಿಡುಗಡೆ ಮಾಡಲೇಬೇಕಾಯಿತು.

ಆಂಟಿಯ ತಾಯಿ ಆ ದಿನ ಮೀನಿನ ಬುಟ್ಟಿ ಇಳಿಸಿ ಗೇಟಿನ ಹತ್ತಿರ ನಿಂತಿದ್ದರಂತೆ. ಎನ್‌ಕ್ರುಮಾ ಅವರನ್ನು ಮೈದಾನಕ್ಕೆ ಕರೆದೊಯ್ದು ಕುರಿ ಕಡಿದರು. ಆ ರಕ್ತದಲ್ಲಿ ಅವರು ಏಳು ಸಲ ಬರಿಗಾಲು ಇಟ್ಟರು. ಜೈಲಿನ ಮೈಲಿಗೆ ಕಳೆಯಬೇಕಲ್ಲ. "ಒಂದು, ಎರಡು" ಅಂತ ಆಂಟಿ ಎಣಿಸುತ್ತಾ ತಾವೇ ಪಾದ ಎತ್ತಿ ಇಟ್ಟು ತೋರಿಸಿದರು, ಏಳರ ತನಕ. ತಾಯಿ ಹಾಗೇ ತೋರಿಸುತ್ತಿದ್ದರಂತೆ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಮನೆಯಲ್ಲಿ ಮೊದಲು ಓಟು ಹಾಕಿದ್ದು ಯಾರು? ಯಾರಿಗೆ ಹಾಕಿದ್ರು?"

ನನಗೆ ಗೊತ್ತಿರಲಿಲ್ಲ. ತುತ್ತು ಗಂಟಲಲ್ಲೇ ನಿಂತಿತು.

ನಮ್ಮ ಅಜ್ಜಿ ಬದುಕಿದ್ದಾಗ ನಾನು ಕಾಲೇಜು ಮುಗಿಸಿದ್ದೆ. ಚಳಿಗಾಲ ಬಂದರೆ ಒಲೆ ಮುಂದೆ ಕೂತು ಏನೇನೋ ಹೇಳುತ್ತಿದ್ದರು. ಸಂಬಂಧಿಕರ ಜಗಳ, ಬರಗಾಲ, ಯಾರ ಮದುವೆಯಲ್ಲಿ ಸಾರು ಸಾಲದೆ ಹೋಯಿತು, ಎಲ್ಲ ನನಗೆ ಗೊತ್ತು. 1952ರಲ್ಲಿ, ನಮ್ಮ ದೇಶದ ಮೊದಲ ಎಲೆಕ್ಷನ್‌ನಲ್ಲಿ, ಓಟು ಹಾಕಿದ್ರಾ ಅಂತ ಒಂದು ಮಾತು ಕೇಳಲಿಲ್ಲ. ನಾನಷ್ಟೇ ಅಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ. ಎಲೆಕ್ಷನ್ ಬಂದರೆ ನಮ್ಮಲ್ಲಿ ಯಾವ ಜಾತಿ ಎಷ್ಟು, ಯಾರು ಎಷ್ಟು ಹಂಚಿದರು ಅನ್ನೋದೇ ಮಾತು. ಮೊದಲ ಸಲ ಕ್ಯೂನಲ್ಲಿ ನಿಂತವರು ಏನು ಅಂದುಕೊಂಡರು ಅಂತ ಯಾರಿಗೂ ಬೇಕಿಲ್ಲ. ಇಲ್ಲಿ ಕೆಂಕಿ ಮಾರುವ ಅಜ್ಜಿಗೆ ಹೆಜ್ಜೆಯ ಲೆಕ್ಕವೂ ನೆನಪಿದೆ. ನನಗೆ ನಿಜವಾಗಿ ನಾಚಿಕೆಯಾಯಿತು.

1952ರ ಮಾರ್ಚಿನಲ್ಲಿ ಇಲ್ಲಿ ಎನ್‌ಕ್ರುಮಾ ಪ್ರಧಾನಿಯಾದರು. ಅದೇ ತಿಂಗಳು ನಮ್ಮ ಮೈಸೂರಿನಲ್ಲಿ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಂಡಿದ್ದೇನೆ, ಈ ಹೊಂದಿಕೆ ಹೊಳೆದಿದ್ದು ಅಕ್ರಾಗೆ ಬಂದ ಮೇಲೆ.

ಒಂದು ಮಾತು ಒಪ್ಪಲೇಬೇಕು. 1951ರ ಆ ಚುನಾವಣೆಯಲ್ಲಿ ನೇರವಾಗಿ ಓಟು ಹಾಕಿದ್ದು ಪಟ್ಟಣದವರು. ಹಳ್ಳಿಯವರು ಪ್ರತಿನಿಧಿಗಳನ್ನು ಆರಿಸಿದರು, ಆ ಪ್ರತಿನಿಧಿಗಳು ಸದಸ್ಯರನ್ನು ಆರಿಸಿದರು. ಸ್ವಾತಂತ್ರ್ಯ ಬಂದಿದ್ದು ಇನ್ನೂ ಎರಡು ಚುನಾವಣೆ ಆದ ಮೇಲೆ, 1957ರ ಮಾರ್ಚ್ 6ಕ್ಕೆ. ನಮ್ಮಲ್ಲಿ ಹಾಗಲ್ಲ, ಓದು ಬಾರದ ನಮ್ಮಜ್ಜಿಗೂ ನೇರ ಓಟು ಒಂದೇ ಸಲಕ್ಕೆ ಸಿಕ್ಕಿತ್ತು. ಮುಂದೆ 1964ರಲ್ಲಿ ಎನ್‌ಕ್ರುಮಾ ಅವರೇ ಘಾನಾವನ್ನು ಏಕಪಕ್ಷದ ದೇಶ ಮಾಡಿದರು, 1966ರಲ್ಲಿ ಸೈನ್ಯ ಅವರನ್ನು ಇಳಿಸಿತು. ಆಂಟಿ ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ಊರಿಗೆ, ಸೋದರಮಾವನಿಗೆ ಫೋನ್ ಮಾಡಿದೆ. ಈಗ ಅವರಿಗೆ ಎಂಬತ್ತು ದಾಟಿದೆ. ಮೊದಲು "ಅದೆಲ್ಲ ಈಗ್ಯಾಕೋ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಶುರು ಮಾಡಿದರು. ಆಗೆಲ್ಲ ಒಂದೊಂದು ಗುರುತಿಗೆ ಒಂದೊಂದು ಪೆಟ್ಟಿಗೆ. ಜೋಡೆತ್ತಿಗೆ ಒಂದು, ಗುಡಿಸಲಿಗೆ ಒಂದು, ಮರಕ್ಕೆ ಒಂದು. ಅಮ್ಮ ಮದುವೆ ಸೀರೆ ಉಟ್ಟಿದ್ದಳು ಕಣೋ, ಗಾಡಿಯಲ್ಲಿ ನಾನೂ ಹೋಗಿದ್ದೆ, ಒಳಗೆ ಬಿಡಲಿಲ್ಲ ಅಂತ ಅತ್ತಿದ್ದೆ ಅಂದರು.

"ಅಜ್ಜಿ ಯಾವ ಪೆಟ್ಟಿಗೆಗೆ ಹಾಕಿದ್ರು ಮಾವ?"

"ಅಪ್ಪನೂ ಅದನ್ನೇ ಕೇಳಿದ್ರು, ದಾರಿಯುದ್ದಕ್ಕೂ ಕೇಳಿದ್ರು. ಅವಳು ಹೇಳಲೇ ಇಲ್ಲ."