ಸೊಲೆರ್ ಬರೀ ಶಿಷ್ಯ ಅಲ್ಲ

ನಿನ್ನೆ ಸಂಜೆ ಒಂದು ಪಿಯಾನೋ ಕಾರ್ಯಕ್ರಮಕ್ಕೆ ಹೋಗಿ ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನುಡಿಸಿದ ಹುಡುಗಿಯ ಮೇಲಲ್ಲ, ಅವಳ ಕೈಗೆ ದೃಷ್ಟಿ ತಾಗದಿರಲಿ. ಸಿಟ್ಟು ನಿರೂಪಣೆಯ ಮೇಲೆ. "ಮುಂದಿನದು ಸೊಲೆರ್ ಅವರ ಫಂಡಾಂಗೊ. ಇವರು ಸ್ಕಾರ್ಲಾಟಿಯ ಶಿಷ್ಯರು." ಅಷ್ಟೇ. 54 ವರ್ಷ ಬದುಕಿದ, ಸ್ಪೇನಿನ ಒಬ್ಬ ಸನ್ಯಾಸಿ ಸಂಗೀತ ಸಂಯೋಜಕನ ಪರಿಚಯ ಮುಗಿಯಿತು. ಸ್ಕಾರ್ಲಾಟಿ ಅಂದರೆ ಸ್ಪೇನಿನ ರಾಜ ಪರಿವಾರದಲ್ಲಿದ್ದ ಹೆಸರಾಂತ ಇಟಾಲಿಯನ್ ಸಂಯೋಜಕರು.

ಸ್ಪ್ಯಾನಿಷ್ ಕುಣಿತದ ಧಾಟಿಯ ಆ ಫಂಡಾಂಗೊ ಸೊಲೆರ್ ಅವರದೇ ಹೌದೋ ಅಲ್ಲವೋ ಅಂತ ವಿದ್ವಾಂಸರಲ್ಲೇ ಅನುಮಾನ ಇದೆ. ಅವರದೇ ಅಂತ ಗೊತ್ತಿರುವ ನೂರಾರು ಕೃತಿಗಳನ್ನು ಬದಿಗಿಟ್ಟು, ಅನುಮಾನದ್ದೊಂದನ್ನು ಹಿಡಿದುಕೊಂಡು, ಅದಕ್ಕೂ ಗುರುವಿನ ಹೆಸರು ಅಂಟಿಸುವುದು ಯಾವ ನ್ಯಾಯ?

ಅಂತೊನಿ ಸೊಲೆರ್ ಹುಟ್ಟಿದ್ದು 1729ರಲ್ಲಿ, ಕ್ಯಾಟಲೋನಿಯಾದ ಒಲೊಟ್ ಎಂಬ ಊರಿನಲ್ಲಿ. ಆರನೇ ವಯಸ್ಸಿಗೆ ಮೊಂಟ್ಸೆರಾಟ್ ಬೆಟ್ಟದ ಮಠದಲ್ಲಿ ಹಾಡುವ ಹುಡುಗರ ಜೊತೆ ಸೇರಿದರು. ಆರ್ಗನ್, ರಾಗ ಸಂಯೋಜನೆ ಎಲ್ಲಾ ಅಲ್ಲೇ ಕಲಿತದ್ದು. 1752ರಲ್ಲಿ ಮ್ಯಾಡ್ರಿಡ್ ಹತ್ತಿರದ ಎಸ್ಕೋರಿಯಲ್ ಮಠ ಸೇರಿ, 1757ರಲ್ಲಿ ಅಲ್ಲಿನ ಸಂಗೀತಕ್ಕೆಲ್ಲ ಮುಖ್ಯಸ್ಥರಾದರು. ಸ್ಕಾರ್ಲಾಟಿ ತೀರಿಕೊಂಡದ್ದೂ ಅದೇ ವರ್ಷ. ಸ್ಕಾರ್ಲಾಟಿ ರಾಜ ಪರಿವಾರದ ಜೊತೆ ಶರತ್ಕಾಲದಲ್ಲಿ ಎಸ್ಕೋರಿಯಲ್‌ಗೆ ಬಂದಾಗ ಮಾತ್ರ ಸೊಲೆರ್ ಅವರಿಗೆ ಪಾಠ ಸಿಗುತ್ತಿದ್ದದ್ದು. ಲೆಕ್ಕ ಹಾಕಿ: ಐದು ವರ್ಷ, ಅದರಲ್ಲೂ ವರ್ಷಕ್ಕೆ ಕೆಲವು ವಾರ. ಗುರು ಹೋದ ಮೇಲೆ 26 ವರ್ಷ ಈ ಮನುಷ್ಯ ಒಬ್ಬರೇ ದುಡಿದರು.

ದುಡಿದದ್ದು ಅಂದರೆ ಹೇಗೆ? ಅವರು ಮೊದಲು ಸನ್ಯಾಸಿ. ಪೂಜೆ, ಪ್ರಾರ್ಥನೆಯ ವೇಳಾಪಟ್ಟಿ ತಪ್ಪಿಸುವ ಹಾಗಿಲ್ಲ. ರಾತ್ರಿ ನಾಲ್ಕೈದು ಗಂಟೆಯಷ್ಟೇ ನಿದ್ದೆ ಮಾಡುತ್ತಿದ್ದರು ಅಂತ ಅವರು ತೀರಿಕೊಂಡಾಗ ಮಠದವರೇ ಬರೆದಿಟ್ಟಿದ್ದಾರೆ. ಆ ಉಳಿದ ಹೊತ್ತಿನಲ್ಲಿ ಬಲಿಪೂಜೆಯ ಸಂಗೀತ, ಕೀರ್ತನೆಗಳು, ನೂರಕ್ಕೂ ಹೆಚ್ಚು ವಿಲ್ಲಾನ್ಸಿಕೊಗಳು. ಲ್ಯಾಟಿನ್ ಪ್ರಾರ್ಥನೆಗಳ ನಡುವೆ ಜನರ ಸ್ಪ್ಯಾನಿಷ್ ಭಾಷೆಯಲ್ಲೇ ಹಾಡುವ ಹಬ್ಬದ ಹಾಡುಗಳಿವು. ಮೇಲಿಂದ ರಾಜಕುಮಾರ ಗೇಬ್ರಿಯಲ್‌ಗೆ ಪಾಠ. ಗುರು ಶಿಷ್ಯರಿಬ್ಬರೂ ಎದುರುಬದುರು ಕೂತು ನುಡಿಸಲಿ ಅಂತ ಎರಡು ಆರ್ಗನ್‌ಗಳ ಆರು ಕನ್ಸರ್ಟೊ ಬರೆದರು. ಒಂದು ಕೇಳಿ ನೋಡಿ: ಒಂದು ಆರ್ಗನ್ ಏನೋ ಕೇಳಿದ ಹಾಗೆ, ಇನ್ನೊಂದು ಅದೇ ಮಾತನ್ನು ಸ್ವಲ್ಪ ತಿರುವಿ ಉತ್ತರ ಕೊಟ್ಟ ಹಾಗೆ, ಕೊನೆಗೆ ಎರಡೂ ಒಟ್ಟಿಗೆ ಓಡುತ್ತವೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರಿಗೆ ಮಾತ್ರ ಹೀಗೆ ಬರೆಯಲು ಬರುತ್ತದೆ.

1762ರಲ್ಲಿ ಒಂದು ಶ್ರುತಿಯಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಅಂತ ಪುಸ್ತಕವನ್ನೇ ಬರೆದರು. ಕೆಲವರು ಅದನ್ನು ಟೀಕಿಸಿ ಮೇಲೆ ಬಿದ್ದಾಗ ಹೆದರಲಿಲ್ಲ, 1765ರಲ್ಲಿ ಅಚ್ಚು ಹಾಕಿಸಿಯೇ ಉತ್ತರ ಕೊಟ್ಟರು. ಇದು ಯಾರದೋ ನೆರಳಲ್ಲಿ ನಿಂತವರು ಮಾಡುವ ಕೆಲಸವಾ?

ಸ್ಕಾರ್ಲಾಟಿಯ ಪ್ರಭಾವ ಇತ್ತಲ್ಲ ಅಂತ ಕೆಲವರು ಹೇಳಬಹುದು. ಇತ್ತು, ಯಾರು ಇಲ್ಲ ಅಂದರು? 1772ರಲ್ಲಿ ಎಸ್ಕೋರಿಯಲ್‌ಗೆ ಬಂದ ಇಂಗ್ಲಿಷ್ ಶ್ರೀಮಂತ ಫಿಟ್ಜ್‌ವಿಲಿಯಂ ಕೈಗೆ ಸೊಲೆರ್ ಕೀಲಿಮಣೆಗೆ ಬರೆದ ತಮ್ಮ ಸೊನಾಟಾಗಳನ್ನು ಕೊಟ್ಟರು. ಮುಂದೆ ಲಂಡನ್ನಿನಲ್ಲಿ ಅಚ್ಚಾದ ಆ 27 ಸೊನಾಟಾಗಳಲ್ಲಿ ಸ್ಕಾರ್ಲಾಟಿಯ ಗುರುತು ಕಾಣುತ್ತದೆ. ಆದರೆ 1776ರಲ್ಲಿ ತಂತಿವಾದ್ಯಗಳಿಗೂ ಕೀಲಿಮಣೆಗೂ ಅಂತ, ಐದು ವಾದ್ಯ ಸೇರಿ ನುಡಿಸಲು ಬರೆದ ಆರು ಕ್ವಿಂಟೆಟ್‌ಗಳಲ್ಲಿ ಹುಡುಕಿ ನೋಡಿ. ಅದು ಸೊಲೆರ್ ಅವರದೇ ಮನೆ.

ಯಾಕೆ ಇಷ್ಟು ಉರಿಯುತ್ತೇನೆ ಅಂದರೆ, ಪಪ್ಪ ನಮ್ಮ ಇಗರ್ಜಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ನಿಮ್ಮಲ್ಲಿ ಕೆಲವರು ಅವರ ಕೈಯಲ್ಲೇ ಹಾಡು ಕಲಿತಿದ್ದೀರಿ. ಬೆಳಗಿನ ಐದೂವರೆಯ ಪೂಜೆಗೆ, ಮಳೆ ಇರಲಿ ಜ್ವರ ಇರಲಿ, ಹೋಗುತ್ತಿದ್ದರು. ಸತ್ತ ದಿನ ಮೈಕಿನಲ್ಲಿ ಮಾತಾಡಿದವರೊಬ್ಬರು "ಇವರು ಇಂಥವರ ಶಿಷ್ಯರಾಗಿದ್ದರು" ಅಂದು ಕೂತುಬಿಟ್ಟರು. ನಾನು ಅವತ್ತು ಎದ್ದು ನಿಂತು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದು ಇವತ್ತಿಗೂ ಎದೆಯಲ್ಲಿದೆ.

ನಿನ್ನೆ ರಾತ್ರಿಯೇ ಸೊಲೆರ್ ಅವರ ಒಂದು ವಿಲ್ಲಾನ್ಸಿಕೊದ ನೊಟೇಷನ್ ತೆಗೆಸಿಟ್ಟಿದ್ದೇನೆ. ಈ ಕ್ರಿಸ್ಮಸ್‌ಗೆ ನಮ್ಮ ಗಾಯನ ಮಂಡಳಿ ಅದನ್ನು ಹಾಡಬೇಕು. ಇಬ್ಬರು ಟೆನರ್, ಅಂದರೆ ಎತ್ತರದ ದನಿಯ ಗಂಡಸರು, ಕಮ್ಮಿ ಇದ್ದಾರೆ. ಶನಿವಾರ ಸಂಜೆ ಬಿಡುವಿದ್ದವರು ಫೋನ್ ಮಾಡಿ.