ಕಿಬೆರಾದ ಓಣಿಗಳಿಗೆ ಪ್ರವಾಸ ಹೋಗಬೇಕೆ? ಪರ – ವಿರೋಧ

ಮಸಾಯಿ ಮಾರಾ ಸಫಾರಿ ಮುಗಿಸಿ ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಅರ್ಧ ದಿನ ಉಳಿದ ಯುವ ಪ್ರವಾಸಿಗರಿಗೆ ಸಿಗುವ ಸಲಹೆಗಳಲ್ಲಿ ಕಿಬೆರಾ ಕೊಳೆಗೇರಿಯ ಕಾಲ್ನಡಿಗೆಯೂ ಒಂದು. ಸುಮಾರು ಮೂರು ಗಂಟೆ, ಗೈಡು ಸಮೇತ. ಹೋಗಬೇಕೆ, ಬಿಡಬೇಕೆ?

ಪರ

ಹೋಗಿ. ಆದರೆ ಗೈಡನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಕಿಬೆರಾದಲ್ಲಿ ಬೆಳೆದು ಈಗಲೂ ಅಲ್ಲೇ ಬಾಡಿಗೆ ಕಟ್ಟುತ್ತಿರುವವರನ್ನೇ ಹುಡುಕಬೇಕು. ಕೊಡುವ ಹಣದಲ್ಲಿ ಗೈಡಿಗೆಷ್ಟು, ಬಡಾವಣೆಗೆಷ್ಟು ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಉತ್ತರ ತೇಲಿಸಿದರೆ ಬೇರೆಯವರನ್ನು ನೋಡಿ. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬೇಡ. ಎಷ್ಟೋ ಓಣಿಗಳಲ್ಲಿ ನಡುವೆ ಚರಂಡಿ, ಎರಡೂ ಬದಿ ತಗಡಿನ ಗೋಡೆ. ಹತ್ತು ಮಂದಿ ನಿಂತು ವಿವರಣೆ ಕೇಳುತ್ತಿದ್ದರೆ ಇಪ್ಪತ್ತು ಲೀಟರಿನ ಕ್ಯಾನು ಹೊತ್ತ ಹೆಂಗಸು ಆ ಭಾರ ಇಳಿಸದೆ ಕಾಯಬೇಕಾಗುತ್ತದೆ.

ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ, ಓಣಿಯೆಲ್ಲ ಕೆಸರು. ಚಪ್ಪಲಿ ಬಿಟ್ಟು ಮುಚ್ಚಿದ ಶೂ ಹಾಕಿಕೊಳ್ಳಿ. ನಮ್ಮವರು ಮರೆಯುವುದು ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡ ಪ್ರಮಾಣಪತ್ರ ಇಲ್ಲದೆ ಕೆನ್ಯಾದಿಂದ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನಿಗೆ ಕಳಿಸಬಹುದು.

ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ಕೊಂಡು ಎಂ-ಪೆಸಾ (ಫೋನಿನಲ್ಲೇ ದುಡ್ಡು ಕಳಿಸುವ ವ್ಯವಸ್ಥೆ) ಖಾತೆ ತೆರೆಯಿರಿ. ಕೆನ್ಯಾದ ಚಿಲ್ಲರೆ ವ್ಯವಹಾರ ಬಹುಪಾಲು 2007ರಲ್ಲಿ ಶುರುವಾದ ಇದರ ಮೇಲೆ ಓಡುತ್ತಿದೆ. ಆಗ ಚಹಾ, ಚಪಾತಿ (ಹೌದು, ಅಲ್ಲೂ ಅದರ ಹೆಸರು ಚಪಾತಿಯೇ), ಸುಕುಮಾ ಸೊಪ್ಪಿನ ಊಟದ ದುಡ್ಡು ನಡುವೆ ಯಾರ ಕೈಗೂ ಹೋಗದೆ ಅಂಗಡಿಯವರಿಗೇ ತಲುಪುತ್ತದೆ.

ನೋಡಲು ಏನಿದೆ ಎಂದರೆ, ನೀರು. ಇಲ್ಲಿ ಪ್ಲಾಸ್ಟಿಕ್ ಪೈಪುಗಳು ನೆಲದ ಮೇಲೆ, ಚರಂಡಿಯ ಪಕ್ಕದಲ್ಲೇ ಹರಿದಾಡುತ್ತವೆ. ನೀರು ಬರುವುದು ನಿಂತು ಒತ್ತಡ ಇಳಿದಾಗ ಪೈಪು ಬಿರುಕಿನಿಂದ ಕೊಳಚೆಯನ್ನು ಒಳಗೆಳೆಯುತ್ತದೆ. ಮತ್ತೆ ನೀರು ಬಿಟ್ಟಾಗ ಆ ಕೊಳಚೆಯೇ ಕ್ಯಾನಿಗೆ ಬರುತ್ತದೆ. ಕಿಬೆರಾದಲ್ಲೇ ಹುಟ್ಟಿದ ಶೋಫ್ಕೊ ಸಂಸ್ಥೆ ಪೈಪನ್ನು ಕಂಬಗಳ ಮೇಲೇರಿಸಿ ತಲೆಯ ಮೇಲೆ ಎಳೆಯಿತು. ಸೋರಿದರೆ ಕಾಣುತ್ತದೆ, ಯಾರಾದರೂ ಕದ್ದು ಕೊರೆದರೂ ಕಾಣುತ್ತದೆ. ಹಸುವಿನ ಮೂಳೆ ಕತ್ತರಿಸಿ, ಉಜ್ಜಿ, ಮೇಣ ಬಳಿದು ಬಣ್ಣ ಹಾಕಿ ಸರ ಮಾಡುವ ಕಾರ್ಯಾಗಾರಗಳಿವೆ. ನಕ್ಷೆಗಳಲ್ಲಿ ಹೆಚ್ಚುಕಡಿಮೆ ಖಾಲಿ ಜಾಗವಾಗಿದ್ದ ಕಿಬೆರಾವನ್ನು 2009ರಲ್ಲಿ ಅಲ್ಲಿಯ ಹುಡುಗ ಹುಡುಗಿಯರೇ ಜಿಪಿಎಸ್ ಹಿಡಿದು ನಡೆದು ಗುರುತಿಸಿದರು. ಸುದ್ದಿಯಲ್ಲಿ ಕಸದ ರಾಶಿಯನ್ನಷ್ಟೇ ಕಂಡಿರುವ ಹುಡುಗ ಇವನ್ನೆಲ್ಲ ನಡೆದೇ ನೋಡಲಿ ಬಿಡಿ.

ವಿರೋಧ

ಗೈಡು, ಶೂ, ಗುಂಪಿನ ಲೆಕ್ಕ ಎಲ್ಲ ಸರಿಯಾಗಿದ್ದರೂ ಒಪ್ಪಿಗೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಕಿಬೆರಾದ ಸಾಮಾನ್ಯ ಮನೆ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಕೋಣೆ. ಆದ್ದರಿಂದ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಮಗುವಿಗೆ ಸ್ನಾನ ಎಲ್ಲ ಓಣಿಯಲ್ಲಿ. ನಾವು ಬೀದಿ ಎಂದುಕೊಂಡು ನಡೆಯುವುದು ಅವರ ಮನೆಯೊಳಗೆ. ಗೈಡು ಒಪ್ಪಿದ, ಸರಿ. ಓಣಿಯ ಉಳಿದ ಮನೆಗಳನ್ನು ಕೇಳಿದವರು ಯಾರು? ‘ಒಂದು ಮನೆ ಒಳಗೆ ನೋಡೋಣ’ ಎಂದಾಗ ಬಾಗಿಲು ತೆರೆಯುವಾಕೆಗೆ ಗೈಡು ನೆರೆಯವನು. ಬೇಡ ಎನ್ನುವುದು ಅಷ್ಟು ಸುಲಭವಲ್ಲ. ಶೋಫ್ಕೊ ಕಟ್ಟಿದ, ಕಿಬೆರಾದಲ್ಲೇ ಬೆಳೆದ ಕೆನಡಿ ಒಡೆಡೆ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದದ್ದು ಇಂಥ ಪ್ರವಾಸದ ವಿರುದ್ಧವೇ. ತಲೆಯ ಮೇಲಿನ ಪೈಪುಗಳನ್ನು ಹೊಗಳುವವರು ಅದನ್ನೂ ಹೇಳಬೇಕಿತ್ತು.

ಶಾಲೆಯ ಭೇಟಿ ಇನ್ನೂ ಕೆಟ್ಟದ್ದು. ಅತಿಥಿ ಬಂದರೆ ಪಾಠ ನಿಲ್ಲುತ್ತದೆ, ಮಕ್ಕಳು ಎದ್ದು ಹಾಡುತ್ತಾರೆ, ಫೋಟೊ ಆಗುತ್ತದೆ. ಅಪ್ಪ ಅಮ್ಮ ದುಡಿದು ಫೀಸು ಕಟ್ಟಿದ ಶಾಲೆ ಅದು. ಅತಿಥಿಗಳ ದೇಣಿಗೆಯ ಮೇಲೆ ನಿಂತ ಶಾಲೆಗೆ ತೂತುಬಿದ್ದ ತಗಡಿನ ಮಾಡೇ ಬಂಡವಾಳವಾಗುವ ಅಪಾಯವೂ ಇದೆ. ಚಾಕೊಲೇಟು ಹಂಚುವುದಂತೂ ಬೇಡವೇ ಬೇಡ. ಒಮ್ಮೆ ಕೊಟ್ಟರೆ ಮುಂದಿನ ಬಿಳಿಯನಿಗೂ ‘ಮುಹಿಂದಿ’ಗೂ, ಅಂದರೆ ನಮ್ಮವರಿಗೂ, ಮಕ್ಕಳು ಮುತ್ತಿಕೊಳ್ಳುತ್ತಾರೆ. ಎಲ್.ಆರ್. ನಗರ ಕೊಳೆಗೇರಿಯ ಓಣಿಯಲ್ಲಿ ವಿದೇಶಿಯರು ನಮ್ಮ ಮಕ್ಕಳಿಗೆ ಹೀಗೆ ಮಾಡಿದರೆ ಬೆಂಗಳೂರಿನ ಪತ್ರಿಕೆಗಳು ಸುಮ್ಮನಿರುತ್ತಿರಲಿಲ್ಲ.

ಇಷ್ಟಾಗಿ, ನಡೆದವನಿಗೆ ತಿಳಿಯುವುದಾದರೂ ಏನು? ‘ಆಫ್ರಿಕಾದ ಅತಿ ದೊಡ್ಡ ಕೊಳೆಗೇರಿ, ಹತ್ತು ಲಕ್ಷ ಜನ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. 2009ರ ಜನಗಣತಿ ಎಣಿಸಿದ್ದು 1,70,070. ಆ ಎಣಿಕೆ ಕಡಿಮೆಯಾಯಿತು ಎನ್ನುವವರಿದ್ದಾರೆ. ಆದರೂ ಹತ್ತು ಲಕ್ಷ ಎಲ್ಲಿ, ಇದೆಲ್ಲಿ! ಕಸ ಕಣ್ಣಿಗೆ ಬೀಳುತ್ತದೆ, ಅದರ ಕಾರಣ ಬೀಳುವುದಿಲ್ಲ. ನೆಲ ಬಹುಪಾಲು ಸರ್ಕಾರದ್ದು. ಅದರ ಮೇಲೆ ಶೆಡ್ಡು ಕಟ್ಟಿ ಬಾಡಿಗೆ ಎಣಿಸುವವರಲ್ಲಿ ಹಲವರು ಬೇರೆ ಕಡೆ ಇರುತ್ತಾರೆ. ಹಕ್ಕುಪತ್ರವಿಲ್ಲದ ಜಾಗಕ್ಕೆ ದುಡ್ಡು ಸುರಿದು ಶೌಚಾಲಯ ಕಟ್ಟಿಸಲು ಮಾಲೀಕನಿಗೆ ಮನಸ್ಸಿಲ್ಲ. ತಾನೇ ಕಟ್ಟೋಣವೆಂದರೆ ಬಾಡಿಗೆದಾರನಿಗೆ ಅಧಿಕಾರವಿಲ್ಲ. 2018ರ ಜುಲೈನಲ್ಲಿ ನೈರೋಬಿಯ ಲಂಗಾಟಾ ಬಡಾವಣೆ ಕಡೆಯ ರಸ್ತೆಗಾಗಿ ಬುಲ್ಡೋಜರ್ ಬಂದಾಗ ಸಾವಿರಾರು ಮನೆಗಳ ಜೊತೆ ಶಾಲೆಗಳೂ ನೆಲಸಮವಾದವು. ಇವತ್ತು ಆ ಡಾಂಬರಿನ ಮೇಲೆ ನಿಂತವನಿಗೆ ಅದು ಬರಿಯ ರಸ್ತೆ. ಇದನ್ನು ತಿಳಿಯಲು ಓಣಿ ನುಗ್ಗಬೇಕಿಲ್ಲ, ಓದಿದರೆ ಸಾಕು.

ಕಿಬೆರಾದವರ ಕೈಗೆ ದುಡ್ಡು ಸೇರಬೇಕು ಎಂಬ ಪರವಾದಿಗಳ ಮಾತು ಒಪ್ಪೋಣ. ಅದಕ್ಕೆ ಕಿಬೆರಾದ ಅಂಚಿನ ಟಾಯ್ ಮಾರುಕಟ್ಟೆ ಇದೆ. ಹೊರದೇಶಗಳಿಂದ ಬಂದ ಹಳೇ ಬಟ್ಟೆಯ ರಾಶಿ, ಶೂ, ತರಕಾರಿ. ಅಲ್ಲಿ ಮಾರುವವರಲ್ಲಿ ಕಿಬೆರಾದ ಜನ ಬಹಳ. ಗಿರಾಕಿಯಾಗಿ ಹೋಗುವವರಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಬೆಳಗ್ಗೆ ಹೋಗಿ, ಫೋನು ಒಳಜೇಬಿನಲ್ಲಿರಲಿ, ಚಿಲ್ಲರೆ ಇಟ್ಟುಕೊಳ್ಳಿ. ಮೊದಲು ಹೇಳಿದ ಬೆಲೆಗೇ ಕೊಳ್ಳಬೇಡಿ, ಅಲ್ಲಿ ಚೌಕಾಸಿ ನಡೆಯುತ್ತದೆ.