ಲಿಥಿಯಂ 14,100 ಟನ್ ಹೋಗಿ 1,600 ಆದದ್ದು ಸೋಲಲ್ಲ

ಮೊನ್ನೆ ಭಾನುವಾರ ಮಲ್ಪೆ ಬೀಚಿನಲ್ಲಿ ತಂಗಿಯ ಮಗ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರಳಲ್ಲಿ ಎಳೆದ. ಎತ್ತಿದರೆ ಸುತ್ತಲೂ ಕಪ್ಪು ಮೀಸೆ! "ಮಾಮ, ಇದು ನಿಧಿಯಾ? ಮೊಬೈಲಿಗೆ ಹಾಕ್ತಾರಲ್ಲ, ಆ ಖನಿಜವಾ?"

ಮ್ಯಾಗ್ನೆಟೈಟ್ ಮಾರಾಯ, ಕಬ್ಬಿಣದ್ದು ಅಂದೆ. ಬಂಡೆ ಸವೆದು ಹೊಳೆ ಹಿಡಿದು ಬರುತ್ತದೆ. ಹಗುರ ಮರಳನ್ನು ಅಲೆ ವಾಪಸ್ ಎಳೆದುಕೊಂಡ ಮೇಲೆ ಭಾರದ ಕಾಳು ದಡದಲ್ಲೇ ಉಳಿಯುತ್ತದೆ. ಕೇರಳದ ಚವರದಲ್ಲಿ ಹೀಗೇ ಟೈಟಾನಿಯಂ ಕೊಡುವ ಇಲ್ಮನೈಟ್, ವಿರಳ ಲೋಹಗಳಿರುವ ಮೊನಝೈಟ್ ಗಣಿ ಮಾಡುವಷ್ಟು ಸೇರಿವೆ. ಇಲ್ಲಿನ ಒಂದು ಮುಷ್ಟಿ ನೋಡಿ ಹಾಗೆ ಹೇಳಲಾಗದು ಅಂದಾಗ ಹುಡುಗನ ಮುಖ ಬಾಡಿತು.

ಇಂಥದ್ದೇ ಮುಖಗಳನ್ನು ನಾನು ಮೊದಲೂ ನೋಡಿದ್ದೇನೆ. 2020ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಬ್ಯಾಟರಿಗೆ ಬೇಕಾದ ಲೋಹ ಲಿಥಿಯಂ 14,100 ಟನ್ ಇದೆಯೆಂದು ಸುದ್ದಿಯಾಯಿತು. ಮರುವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್, ಅದೂ "ಇರಬಹುದೆಂದು ತರ್ಕಿಸಿದ" ವರ್ಗದಲ್ಲಿ. "ಎಲ್ಲ ಬುರುಡೆ" ಅಂದವರು ನಮ್ಮ ಮನೆಯಲ್ಲೇ ಇದ್ದರು.

ಬುರುಡೆಯಲ್ಲ. ಅಲ್ಲಿ ಲಿಥಿಯಂ ಇರುವುದು ದಪ್ಪ ಹರಳುಗಳ ಶಿಲೆಯಾದ ಪೆಗ್ಮಟೈಟ್‌ನಲ್ಲಿ. ಶಿಲಾರಸ ತಣಿಯುತ್ತ ಬಂದಂತೆ ಬೇರೆ ಖನಿಜಗಳೊಳಗೆ ಜಾಗ ಸಿಗದ ಲಿಥಿಯಂ ಕೊನೆಯ ರಸದಲ್ಲಿ ಉಳಿದು, ಬಂಡೆಯ ಬಿರುಕಿಗೆ ನುಗ್ಗಿ ಹರಳುಗಟ್ಟುತ್ತದೆ. ಬಿರುಕು ತುಂಬಿದ ಆ ಶಿಲೆಯ ಪಟ್ಟೆ ಇಲ್ಲಿ ಆಳೆತ್ತರ ದಪ್ಪ, ಹತ್ತು ಹೆಜ್ಜೆ ಆಚೆ ಗೇಣಗಲ, ಮುಂದೆ ಮಾಯ. ಕೊರೆದು ನೋಡದೆ ಗೊತ್ತಾಗುವುದು ಹೇಗೆ? ಕೊರೆದಷ್ಟೂ ಸಂಖ್ಯೆ ಏರಲೂಬಹುದು, ಇಳಿಯಲೂಬಹುದು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ಓದುವಾಗ ಮರಳನ್ನು ಭಾರದ ದ್ರವವಾದ ಬ್ರೋಮೋಫಾರ್ಮ್‌ಗೆ ಸುರಿಯುತ್ತಿದ್ದೆವು. ಬಿಳಿ ಮರಳೆಲ್ಲ ತೇಲಿ, ಭಾರದ್ದು ನಿಧಾನಕ್ಕೆ ತಳ ಸೇರುವುದು. ಕೆಲವೊಮ್ಮೆ ಇಡೀ ದಿನದ ದುಡಿಮೆಗೆ ಉಗುರಿನಷ್ಟು ಪುಡಿ. "ಇಷ್ಟೇ ಅಂತ ಬರೆಯಿರಿ" ಅನ್ನುತ್ತಿದ್ದರು ಮೇಷ್ಟ್ರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

2023ರಲ್ಲಿ ಕೇಂದ್ರ 30 ನಿರ್ಣಾಯಕ ಖನಿಜಗಳ ಪಟ್ಟಿ ಮಾಡಿತು. ಬ್ಯಾಟರಿ, ಅಯಸ್ಕಾಂತ, ಚಿಪ್‌ಗಳಿಗೆ ಅವು ಬೇಕು, ಹುಡುಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಸಿಕ್ಕಿತು" ಅಂದವರಿಗೆ ಮಾತ್ರ ಹಾರ ಹಾಕಿದರೆ, "ಇಲ್ಲಿಲ್ಲ" ಎಂದು ಬರೆಯುವ ಧೈರ್ಯ ಯಾರಿಗೆ ಬರುತ್ತದೆ? ಆ ವರದಿಯಿಂದ ಒಂದು ಗುಡ್ಡೆ ಉಳಿಯುತ್ತದೆ, ಅದರ ಬುಡದ ತೋಟಗಳು ಉಳಿಯುತ್ತವೆ. ನನ್ನ ಮಟ್ಟಿಗೆ ಅದೂ ಶೋಧನೆಯೇ.

ಮನೆಗೆ ಬಂದು ಹುಡುಗನ ಮರಳನ್ನು ಒಣಗಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆವು. ಅರ್ಧ ಕಿಲೋದಲ್ಲಿ ಅಯಸ್ಕಾಂತ ಹಿಡಿದದ್ದು 4 ಗ್ರಾಂ. ನೋಟ್‌ಬುಕ್ಕಿನಲ್ಲಿ ತಾನೇ ಬರೆದುಕೊಂಡ, ತಾರೀಕು ಸಮೇತ. ಬರುವ ಭಾನುವಾರ ಕಾಪು ಬೀಚಿನಿಂದಲೂ ಒಂದು ಪೊಟ್ಟಣ ತರಬೇಕಂತೆ.